ಎದುರಾಳಿಗೆ ಅಕ್ಕ ಬರೆದುಕೊಟ್ಟ ವಾದ

ಅಕ್ಕನ ಕೈಕೆಳಗೆ ಕೆಲಸಕ್ಕೆ ಸೇರಿದ ದಿನ ಅವಳು ನನ್ನನ್ನು ಟೈಪ್‌ರೈಟರಿನ ಮುಂದೆ ಕೂರಿಸಿ ಒಂದೇ ಒಂದು ನಿಯಮ ಹೇಳಿದಳು.

"ನಾನು ಒಪ್ಪದ ಮಾತನ್ನು ಟೈಪ್ ಮಾಡುವಾಗ ಒಂದು ತಪ್ಪೂ ಇರ್ಬಾರ್ದು, ಆಯ್ತಾ? ನನ್ನ ಸ್ವಂತ ಮಾತಿನಲ್ಲಿ ಅಲ್ಲೊಂದು ಇಲ್ಲೊಂದು ತಪ್ಪಿದ್ರೆ ಅಡ್ಡಿಲ್ಲ."

"ಇದೆಂತ ಉಲ್ಟಾ ನ್ಯಾಯ?" ಅಂದೆ.

"ಸೀದಾ ನ್ಯಾಯ ಆಗಿದ್ರೆ ನಾನೇ ಟೈಪ್ ಮಾಡ್ತಿದ್ದೆ. ಉಲ್ಟಾ ಅಂತಲೇ ನಿಂಗೆ ಸಂಬಳ ಕೊಡುದು."

ಅಕ್ಕ ಕಲ್ಕತ್ತದ ಒಂದು ವಿಶ್ವವಿದ್ಯಾಲಯದಲ್ಲಿ ತತ್ವಶಾಸ್ತ್ರ ಕಲಿಸುತ್ತಿದ್ದಳು. ಮಣ್ಣು, ನೀರು, ಇನ್ನೂ ಹುಟ್ಟದ ಮಕ್ಕಳು, ಇವರಿಗೆಲ್ಲ ಈಗ ಬದುಕಿರುವ ನಾವು ಏನು ಕೊಡಬೇಕಾಗಿದೆ, ಒಂದು ಸರ್ಕಾರ ಒಳ್ಳೆಯದನ್ನು ಮಾಡುವ ಹೆಸರಿನಲ್ಲಿ ಎಲ್ಲಿಯವರೆಗೆ ಹೋಗಬಹುದು ಎನ್ನುವುದು ಅವಳ ವಿಷಯ. ನಾನು ಉಡುಪಿ ಕಡೆಯಿಂದ ಬ್ಯಾಂಕಿನವರನ್ನು ಮದುವೆಯಾಗಿ ಈ ಊರಿಗೆ ಬಂದವಳು. ಎಸ್ಸೆಸ್ಸೆಲ್ಸಿ ಮತ್ತು ಟೈಪಿಂಗಿನ ಲೋವರ್ ಪರೀಕ್ಷೆ ಮುಗಿಸಿದ್ದೆ. ಅಕ್ಕ ಮದುವೆಯಾಗಿರಲಿಲ್ಲ, ನಮ್ಮ ಮನೆಯ ಹಿಂದಿನ ಕೋಣೆಯಲ್ಲೇ ಇದ್ದಳು. ಅವಳಿಗೆ ಸಂಶೋಧನೆಗೆಂದು ಸ್ವಲ್ಪ ಅನುದಾನ ಸಿಕ್ಕಿದಾಗ ಸಹಾಯಕಿ ಎಂದು ನನ್ನನ್ನೇ ತೆಗೆದುಕೊಂಡಳು. ಅವಳದು ಇಂಗ್ಲಿಷಿನ ಕಲ್ಕತ್ತ, ನನ್ನದು ಬಜಾರಿನ ಬಂಗಾಳಿಯ ಕಲ್ಕತ್ತ. ಎರಡೂ ಬೇಕಾಗುವ ಕೆಲಸ ಅದು.

ಅವಳು ಕೆಲಸ ಮಾಡುತ್ತಿದ್ದ ರೀತಿಯನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ಆದದ್ದೆಲ್ಲ ಅದರಿಂದಲೇ ಆಯಿತು.

ನಮ್ಮ ಹಳೆಯ ಶಾಸ್ತ್ರಗ್ರಂಥಗಳಲ್ಲಿ ಬರೆಯುವವನು ತನ್ನ ತೀರ್ಮಾನ ಹೇಳುವ ಮೊದಲು ಎದುರಾಳಿಯ ವಾದವನ್ನು ಪೂರ್ತಿಯಾಗಿ ಮಂಡಿಸುತ್ತಾನೆ. ಅದಕ್ಕೆ ಪೂರ್ವಪಕ್ಷ ಎಂದು ಹೆಸರು. ಅದಕ್ಕೆ ಉತ್ತರ ಕೊಟ್ಟ ಮೇಲೆಯೇ ಸಿದ್ಧಾಂತ. ಇದು ತತ್ವಶಾಸ್ತ್ರ ಓದಿದ ಎಲ್ಲರಿಗೂ ಗೊತ್ತು. ಅಕ್ಕ ಅದಕ್ಕೆ ತನ್ನದೊಂದು ಕಟ್ಟಳೆ ಸೇರಿಸಿಕೊಂಡಿದ್ದಳು. ಎದುರಾಳಿ ಬದುಕಿದ್ದರೆ, ಕೈಗೆ ಸಿಗುವ ಹಾಗಿದ್ದರೆ, ಪೂರ್ವಪಕ್ಷವನ್ನು ಅವನಿಗೇ ತೋರಿಸಬೇಕು. ತನ್ನ ವಾದ ಎಲ್ಲಿ ಸೊರಗಿದೆ ಎಂದು ಅವನು ಹೇಳಬೇಕು. ಅಲ್ಲಿ ಇವಳು ಇನ್ನೂ ಗಟ್ಟಿಮಾಡಿ ಬರೆಯಬೇಕು. ಕೊನೆಗೆ ಅವನು ಪ್ರತಿ ಹಾಳೆಯ ಕೆಳಗೆ "ಹೌದು, ಇದೇ ನಮ್ಮ ಮಾತು" ಎಂದು ಬರೆದು ಸಹಿ ಹಾಕಬೇಕು. ಅದರ ಪಕ್ಕ ಅಕ್ಕನ ಸಹಿ. ಅಲ್ಲಿಯವರೆಗೆ ಉತ್ತರದ ಒಂದು ಸಾಲನ್ನೂ ಅವಳು ಬರೆಯುತ್ತಿರಲಿಲ್ಲ. ಮನಸ್ಸಿನಲ್ಲೂ ಬರೆಯುವುದಿಲ್ಲ ಎನ್ನುತ್ತಿದ್ದಳು. ಅದನ್ನು ಮಾತ್ರ ನಾನು ನಂಬಿರಲಿಲ್ಲ.

ಬಂಗಾಳದಲ್ಲಿ ಕಮ್ಯುನಿಸ್ಟರ ಎಡರಂಗದ ಸರ್ಕಾರ ಎರಡನೇ ಸಲ ಗೆದ್ದಿದ್ದ ಕಾಲ. ಊರಿನ ಪೂರ್ವದ ಅಂಚಿನಲ್ಲಿ ದೊಡ್ಡ ದೊಡ್ಡ ಮೀನುಕೆರೆಗಳಿವೆ. ಇಡೀ ನಗರದ ಕೊಳಚೆನೀರು ಕಾಲುವೆಗಳಲ್ಲಿ ಅಲ್ಲಿಗೆ ಹರಿಯುತ್ತದೆ. ಬಿಸಿಲಿಗೆ, ಪಾಚಿಗೆ, ಅಲ್ಲಿನವರ ಕೈಕೆಲಸಕ್ಕೆ ಅದು ತಿಳಿಯಾಗಿ ಮೀನಾಗುತ್ತದೆ, ತರಕಾರಿಯಾಗುತ್ತದೆ, ಮರುದಿನ ಬೆಳಿಗ್ಗೆ ಬಜಾರಿಗೆ ಬರುತ್ತದೆ. ಆ ಕೆರೆಗಳಲ್ಲಿ ಒಂದು ಭಾಗವನ್ನು ಮುಚ್ಚಿ ಮನೆಗಳನ್ನು ಕಟ್ಟುವ ಯೋಚನೆ ಸರ್ಕಾರಕ್ಕೆ ಬಂತು. ಸಾಧಕ ಬಾಧಕ ನೋಡಲು ಒಂದು ಸಮಿತಿ ಆಯಿತು. ಎಂಜಿನಿಯರುಗಳ ನಡುವೆ ನೀತಿಯ ಕಡೆಯಿಂದಲೂ ಒಬ್ಬರಿರಲಿ ಎಂದು ಅಕ್ಕನನ್ನು ಕರೆದರು. ಅವಳು ಆ ಸರ್ಕಾರದ ವಿರೋಧಿಯಲ್ಲ. ಗೇಣಿದಾರರಿಗೆ ಭೂಮಿಯ ಹಕ್ಕು ಬರೆಸಿಕೊಟ್ಟದ್ದನ್ನು ತರಗತಿಯಲ್ಲಿ ಎದೆ ತಟ್ಟಿ ಹೊಗಳುತ್ತಿದ್ದವಳು. ಹಾಗಾಗಿ ಇವಳು ನಮ್ಮವಳೇ ಎಂದು ಅವರು ಎಣಿಸಿರಬೇಕು.

ಸಮಿತಿಯ ಕಾರ್ಯದರ್ಶಿ, ಸರ್ಕಾರಿ ಕಚೇರಿಗಳೇ ತುಂಬಿರುವ ಬಿಬಿಡಿ ಬಾಗಿನ ಒಂದು ಕಚೇರಿಯಲ್ಲಿ ಕೂರುವ ಹಿರಿಯ ಅಧಿಕಾರಿ. ಒಳ್ಳೆಯ ಮನುಷ್ಯ. ಸಂಸ್ಕೃತ ಪಂಡಿತರ ಮೊಮ್ಮಗ. ಪೂರ್ವಪಕ್ಷ ಎಂದ ಕೂಡಲೇ ಅವರ ಮುಖ ಅರಳಿತು. ಅವರೇ ಎದುರಾಳಿ ಎಂದು ಅಕ್ಕ ತೀರ್ಮಾನಿಸಿದಳು.

ಅಲ್ಲಿಂದ ಮೂರು ತಿಂಗಳು ನನ್ನ ಕೆಲಸ ಅಕ್ಕನ ಕರಡನ್ನು ಟೈಪ್ ಮಾಡುವುದು, ಟ್ರಾಮ್ ಹಿಡಿದು ಅವರಿಗೆ ತಲುಪಿಸುವುದು, ಅವರು ಅಂಚಿನಲ್ಲಿ ಪೆನ್ಸಿಲಿನಿಂದ ಗೀಚಿದ್ದನ್ನು ವಾಪಸು ತರುವುದು. ಎಡಗಡೆ ಅಂಗೈಯಗಲ ಖಾಲಿ ಅಂಚು ಬಿಡಬೇಕು. ಒಂದು ಕಾರ್ಬನ್ ಪ್ರತಿ. ಪ್ರತಿ ಹಾಳೆಯ ತಲೆಯ ಮೇಲೂ 'ಪೂರ್ವಪಕ್ಷ' ಎಂಬ ಪದ ಇರಲೇಬೇಕು, ಹಾಳೆಗಳು ಬೇರೆಬೇರೆಯಾದರೂ ಯಾರೂ ತಪ್ಪು ತಿಳಿಯಬಾರದೆಂದು.

ಮೊದಲ ಸಲ ಹಾಳೆಗಳು ವಾಪಸು ಬಂದಾಗ ಅಂಚಿನಲ್ಲಿ ಒಂದೇ ಮಾತಿತ್ತು: ಇದು ಎಂಜಿನಿಯರನ ವಾದ, ನಮ್ಮದಲ್ಲ.

ಅಕ್ಕನಿಗೆ ಎಷ್ಟು ಖುಷಿ! "ನೋಡು, ಎಷ್ಟು ಸರಿ ಹೇಳಿದ್ದಾರೆ! ನಾನು ನನಗೆ ಸುಲಭ ಆಗುವ ಹಾಗೆ ಬರೆದಿದ್ದೆ."

"ಅವರ ಕೇಸನ್ನು ನೀನ್ಯಾಕೆ ನಡೆಸುದು? ಅವರಿಗೆ ಇಷ್ಟು ದೊಡ್ಡ ಕಚೇರಿ ಉಂಟು."

"ಕಚೇರಿ ಉಂಟು, ವಾದ ಇಲ್ಲ. ದುರ್ಬಲನನ್ನು ಹೊಡೆದು ಬಿಸಾಡಿ ಎಂತ ಪ್ರಯೋಜನ? ನಾಳೆ ಅವನೇ ಗಟ್ಟಿಯಾಗಿ ಎದ್ದು ಬರ್ತಾನೆ. ಆಗ ನಾನಿರ್ತೇನಾ?"

ಈ ಮಾತನ್ನು ಅವಳು ಆಡಿದ್ದು ಚಕ್ಕುಲಿ ತಿನ್ನುತ್ತಾ, ಬಾಯಿ ತುಂಬಾ. ಅದಕ್ಕೆ ಈಗ ಬೇರೆ ಅರ್ಥ ಹಚ್ಚುವುದು ನನಗೆ ಇಷ್ಟವಿಲ್ಲ.

ಮೂರನೇ ಕರಡಿನಲ್ಲಿ ಅದು ಸರಿಯಾಗಿ ಕೂತಿತು. ಅದರ ಒಂದು ಭಾಗ ನನಗೆ ಬಾಯಿಪಾಠ. ಕನ್ನಡದಲ್ಲಿ ಹೇಳಿದರೆ ಹೀಗೆ: ನೀರಿನ ಚೆಲುವು ಸೂರು ಇದ್ದವರಿಗೆ ಮಾತ್ರ ಕಾಣುತ್ತದೆ. ರೈಲುಹಳಿಯ ಪಕ್ಕ ತಾರ್ಪಾಲಿನ ಕೆಳಗೆ ಮಗುವಿಗೆ ಹಾಲೂಡಿಸುವವಳಿಗೆ, ಕೆರೆಯನ್ನು ಉಳಿಸು ಎಂದು ಹೇಳುವ ಅಧಿಕಾರ, ಬಾಗಿಲಿಗೆ ಚಿಲಕ ಹಾಕಿ ಮಲಗುವ ನಮಗೆ ಯಾರು ಕೊಟ್ಟರು? ಅವಳು ಮೊದಲು ಒಳಗೆ ಬರಲಿ. ಆಮೇಲೆ ಕಿಟಕಿಯಿಂದ ನೋಡಿ ಕೆರೆ ಬೇಕೋ ಬೇಡವೋ ಅವಳೂ ಹೇಳಲಿ.

ಇದನ್ನು ಟೈಪ್ ಮಾಡುವಾಗ ನನ್ನ ಕೈ ನಿಂತಿತು. ಇದಕ್ಕೆ ಉತ್ತರ ಇದೆಯಾ ಎಂದು ಅಕ್ಕನನ್ನು ಕೇಳಿದೆ.

"ಇರ್ಬೇಕು," ಅಂದಳು. "ಇಲ್ಲದಿದ್ರೆ ನಾನೂ ಕೆರೆ ಮುಚ್ಚಲಿಕ್ಕೆ ಕೈ ಎತ್ತುದೇ."

ಸಹಿ ಹಾಕಿಸಲು ಇಬ್ಬರೂ ಹೋದೆವು. ಅಧಿಕಾರಿ ಎಲ್ಲವನ್ನೂ ಮತ್ತೊಮ್ಮೆ ಓದಿದರು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ದೀದಿ, ನಮ್ಮ ಮಂತ್ರಿಗಳೂ ನಮ್ಮ ಮಾತನ್ನು ಇಷ್ಟು ಚೆನ್ನಾಗಿ ಹೇಳಲಾರರು. ಇನ್ನು ನೀವು ಉತ್ತರ ಕೊಡುವುದು ಹೇಗೆ?"

"ಅದು ಮುಂದಿನ ತಿಂಗಳ ಕಷ್ಟ. ಈಗ ಸಹಿ ಹಾಕಿ."

ಅವರು ಪ್ರತಿ ಹಾಳೆಗೂ ಸಹಿ ಹಾಕಿದರು. ಅಕ್ಕನೂ ಹಾಕಿದಳು. ಆ ಹಾಳೆಗಳು ಅವರ ಫೈಲಿಗೆ ಹೋದವು, ಕಾರ್ಬನ್ ಪ್ರತಿ ನಮ್ಮಲ್ಲಿ ಉಳಿಯಿತು. ಹೊರಗೆ ಬಂದು ಎಸ್ಪ್ಲನೇಡಿನ ಟ್ರಾಮ್ ನಿಲ್ದಾಣದವರೆಗೆ ನಡೆದೆವು. ಅವಳು ದಾರಿಯುದ್ದಕ್ಕೂ ತನ್ನಷ್ಟಕ್ಕೇ ಬೆರಳು ಮಡಚಿ ಎಣಿಸುತ್ತಿದ್ದಳು. ಉತ್ತರ ಶುರುವಾಗಿದೆ ಎಂದು ನನಗೆ ಗೊತ್ತಾಯಿತು.

ಅದರ ಮುಂದಿನ ವಾರ ಅವಳಿಗೆ ಜ್ವರ ಬಂತು. ಕಣ್ಣು ಹಳದಿಯಾಯಿತು. ಮಳೆಗಾಲದ ಕಾಮಾಲೆ, ಎಲ್ಲರಿಗೂ ಬರುವುದೇ ಎಂದರು ಡಾಕ್ಟರು. ಎಲ್ಲರಿಗೂ ಬಂದ ಹಾಗೆ ಅವಳಿಗೆ ಬರಲಿಲ್ಲ. ನರ್ಸಿಂಗ್ ಹೋಮಿನಲ್ಲಿ ಕೊನೆಯ ಎರಡು ದಿನ ಅವಳಿಗೆ ನಾನು ಯಾರೆಂದು ಗೊತ್ತಾಗುತ್ತಿರಲಿಲ್ಲ. ಊರಿನಿಂದ ಅಣ್ಣ ಹೊರಟು ತಲುಪುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಅವಳ ಕೋಣೆಯ ಬಾಗಿಲನ್ನು ನಾನು ಮುಚ್ಚಲಿಲ್ಲ. ಮುಚ್ಚಿದರೆ ಒಳಗೆ ಕೂತು ಬರೆಯುತ್ತಿದ್ದಾಳೆ ಎನ್ನಿಸುತ್ತಿತ್ತು.

ತಿಂಗಳು ಕಳೆಯುವುದರೊಳಗೆ ನನ್ನ ಗಂಡ ಒಂದು ಸಂಜೆ ಬ್ಯಾಂಕಿನಿಂದ ಬಂದು ಶರ್ಟು ಬಿಚ್ಚದೆ ಹಾಗೇ ಕುರ್ಚಿಯಲ್ಲಿ ಕೂತರು. ಅವರು ಬ್ಯಾಂಕಿನ ಯೂನಿಯನ್ನಿನಲ್ಲಿದ್ದರು. ಅಲ್ಲಿ ಎಲ್ಲರೂ ಎಡರಂಗದವರೇ.

"ಇವತ್ತು ಯೂನಿಯನ್ ಆಫೀಸಿನಲ್ಲಿ ನನ್ನ ಬೆನ್ನು ತಟ್ಟಿದ್ರು," ಅಂದರು. "ನಿಮ್ಮ ಅತ್ತಿಗೆ ಕೊನೆಗೂ ನಮ್ಮ ಪರವಾಗಿಯೇ ಬರೆದು ಹೋದ್ರಂತೆ, ದೊಡ್ಡ ಮನಸ್ಸು ಅಂತ."

"ಎಂತ ಬರೆದು ಹೋದಳಂತೆ?"

ಅವರು ಚೀಲದಿಂದ ಸೈಕ್ಲೋಸ್ಟೈಲ್ ಪ್ರತಿಯೊಂದನ್ನು ತೆಗೆದರು. ಸಮಿತಿಯ ಕರಡು ವರದಿ. ಅದರ ಒಂದು ಅಧ್ಯಾಯದ ಹೆಸರು 'ನೀತಿಯ ದೃಷ್ಟಿ'. ಕೆಳಗೆ, ದಿವಂಗತ ಪ್ರಾಧ್ಯಾಪಕಿಯ ಅಭಿಪ್ರಾಯ ಎಂದು ಅಕ್ಕನ ಹೆಸರು. ಓದಿದೆ. ನಾನೇ ಟೈಪ್ ಮಾಡಿದ ವಾಕ್ಯಗಳು, ಒಂದು ಅಲ್ಪವಿರಾಮವೂ ಬದಲಾಗಿಲ್ಲ. ಹಾಳೆಗಳ ತಲೆಯ ಮೇಲಿನ ಆ ಒಂದು ಪದ ಮಾತ್ರ ಎಲ್ಲೂ ಇಲ್ಲ. ರೈಲುಹಳಿಯ ತಾಯಿ ಇದ್ದಳು, ಚಿಲಕ ಇತ್ತು, ಕಿಟಕಿ ಇತ್ತು. ಕೊನೆಯಲ್ಲಿ ಯಾರೋ ಒಂದು ಸಾಲು ಸೇರಿಸಿದ್ದರು: ಆದ್ದರಿಂದ ಕೆರೆಗಳನ್ನು ಮುಚ್ಚುವುದು ನೀತಿಗೆ ಒಪ್ಪಿತವಾಗಿದೆ.

ನನಗೆ ಅಳು ಬರಲಿಲ್ಲ. ಅಕ್ಕ ಹೋದ ಮೇಲೆ ಮೊದಲ ಸಲ ಹಸಿವಾಯಿತು. ಅನ್ನ ಬಡಿಸಿಕೊಂಡು ಹೊಟ್ಟೆ ತುಂಬಾ ಉಂಡೆ.

"ನೀನು ಎಂತ ಮಾಡ್ತೀ?" ಗಂಡ ಕೇಳಿದರು.

"ಅವಳ ಹೆಸರನ್ನು ಅಲ್ಲಿಂದ ತೆಗೆಸ್ತೇನೆ."

"ಸರ್ಕಾರದ ಕಾಗದ ಅದು. ನೀನು ಯಾರು ಅಂತ ಕೇಳ್ತಾರೆ."

"ಕೇಳ್ಲಿ. ಯಾರು ಅಂತ ಹೇಳ್ತೇನೆ."

ಮೊದಲು ಅಕ್ಕನ ಸಹೋದ್ಯೋಗಿಯ ಬಳಿ ಹೋದೆ. ಅದೇ ವಿಭಾಗದಲ್ಲಿ ಕಲಿಸುವ ಬಂಗಾಳಿ ಹೆಂಗಸು, ಅಕ್ಕನ ಆಪ್ತ ಗೆಳತಿ, ಅಕ್ಕನ ಹೆಣದ ಪಕ್ಕ ನನ್ನ ಜೊತೆ ರಾತ್ರಿಯಿಡೀ ಕೂತವರು. ಅವರು ವರದಿ ನೋಡಿ ಕೆಂಪಾದರು. ಆಮೇಲೆ ಬಾಗಿಲು ಹಾಕಿ ಬಂದು ನನ್ನ ಎದುರು ಕೂತರು.

"ಒಂದು ದಾರಿ ಇದೆ. ಅವಳು ಏನು ಉತ್ತರ ಬರೆಯುತ್ತಿದ್ದಳು ಎಂದು ನನಗೆ ಗೊತ್ತು. ನಿನಗೂ ಗೊತ್ತು. ನಾನು ಬರೆಯುತ್ತೇನೆ. ಅದೇ ಯಂತ್ರದಲ್ಲಿ, ಅದೇ ಕಾಗದದಲ್ಲಿ ನೀನು ಟೈಪ್ ಮಾಡು. ಜ್ವರ ಬರುವ ಮೊದಲು ಮುಗಿಸಿದ್ದಳು ಎನ್ನೋಣ. ಅನುದಾನದ ರಸೀದಿಗಳಿಗೆ ಅವಳ ಸಹಿ ನೀನೇ ಹಾಕುತ್ತಿದ್ದೆಯಲ್ಲ?"

ಹೌದು, ಅಕ್ಕ ಹೇಳಿಯೇ ಹಾಕುತ್ತಿದ್ದೆ. ಗುರುತು ಸಿಗದ ಹಾಗೆ ಹಾಕಬಲ್ಲೆ.

ಅದು ಪ್ರೀತಿಯಿಂದ ಬಂದ ಸಲಹೆ. ಒಂದು ದಿನ, ಒಂದು ರಾತ್ರಿ ಅದನ್ನೇ ಯೋಚಿಸಿದೆ. ಅವಳದಲ್ಲದ ಮಾತನ್ನು ಅವರು ಅವಳ ಹೆಸರಿನಲ್ಲಿ ಹಾಕಿದರು. ಅವಳು ಬರೆಯದ ಮಾತನ್ನು ನಾವು ಅವಳ ಹೆಸರಿನಲ್ಲಿ ಹಾಕುತ್ತೇವೆ. ನಮ್ಮದು ಸರಿಯಾದ ಮಾತು ಎನ್ನುವುದೊಂದೇ ವ್ಯತ್ಯಾಸ. ಆದರೆ ಅವರಿಗೂ ತಮ್ಮದೇ ಸರಿಯಾದ ಮಾತು. ಮರುದಿನ ಹೋಗಿ ಆಗುವುದಿಲ್ಲ ಎಂದೆ.

"ಹಾಗಾದರೆ ನಿನ್ನ ಹಟಕ್ಕೆ ಅವಳು ಸೋಲುತ್ತಾಳೆ," ಎಂದರು ಅವರು.

ಬಿಬಿಡಿ ಬಾಗಿಗೆ ಹೋದೆ. ಅಧಿಕಾರಿ ಎದ್ದು ನಿಂತು ಬರಮಾಡಿಕೊಂಡರು, ಚಹಾ ತರಿಸಿದರು, ಅಕ್ಕನ ಬಗ್ಗೆ ಮನಸ್ಸು ತುಂಬಿ ಮಾತಾಡಿದರು. ಹಾಳೆಗಳ ಮಾತೆತ್ತಿದಾಗ ಗಡಿಯಾರ ನೋಡಲಿಲ್ಲ. ಇಷ್ಟನ್ನು ಹೇಳಲೇಬೇಕು.

"ಅದು ಪೂರ್ವಪಕ್ಷ ಅಂತ ನಿಮಗೆ ಗೊತ್ತು, ಸರ್."

"ಗೊತ್ತು."

"ಮತ್ತೆ ಆ ಪದ ತೆಗೆದವರು ಯಾರು?"

"ವರದಿಯಲ್ಲಿ ಶಿಫಾರಸು ಇರುತ್ತದೆ ದೀದಿ, ಶಾಸ್ತ್ರಾರ್ಥದ ವಾದವಿವಾದ ಇರುವುದಿಲ್ಲ. ಸಮಿತಿಯಲ್ಲಿ ಎಲ್ಲರೂ ಓದಿದರು, ಅದ್ಭುತ ಎಂದರು. ಪ್ರತಿ ಹಾಳೆಯಲ್ಲೂ ಅವರ ಸಹಿ ಇದೆ. ಇನ್ನರ್ಧ ಎಲ್ಲಿದೆ ಎಂದರೆ ನಾನು ಏನು ತೋರಿಸಲಿ? ಇದ್ದರೆ ಕೊಡಿ. ಅವರ ಸಹಿ ಇದ್ದರೆ ಇವತ್ತೇ ಸೇರಿಸುತ್ತೇನೆ."

"ಇಲ್ಲ. ಅವಳು ಬರೆಯಲಿಲ್ಲ."

ಅವರಿಗೆ ಆಶ್ಚರ್ಯವಾಯಿತು. ನಾನು ಏನಾದರೂ ತಂದುಕೊಡುತ್ತೇನೆ ಎಂದು ಕಾದಿದ್ದರೇನೋ. ಚಹಾದ ಕಪ್ಪನ್ನು ಪಕ್ಕಕ್ಕೆ ಸರಿಸಿದರು. ಆಮೇಲೆ ಹೇಳಿದರು:

"ನನ್ನ ಕೈಯಲ್ಲಿ ಇರುವುದು ಒಂದೇ. ಅವರ ಹೆಸರು ತೆಗೆಯಬಲ್ಲೆ. ಹಾಳೆಗಳು ಉಳಿಯುತ್ತವೆ, ಇಲಾಖೆಯ ಸ್ವಂತ ನಿಲುವು ಎಂದು. ಆದರೆ ಯೋಚಿಸಿ. ಅದು ಅವರ ಕೊನೆಯ ಬರಹ. ಅಷ್ಟು ಚೆಂದದ ಗದ್ಯ. ಅದು ಅವರದೆಂದು ಇನ್ನು ಯಾರಿಗೂ ಗೊತ್ತಾಗುವುದಿಲ್ಲ. ಅವರ ಇಪ್ಪತ್ತು ವರ್ಷದ ದುಡಿಮೆಯ ತುದಿ ಅದು."

ಅವರು ನನ್ನನ್ನು ಹೆದರಿಸುತ್ತಿರಲಿಲ್ಲ. ನಿಜವನ್ನೇ ಹೇಳುತ್ತಿದ್ದರು. ಅವಳು ಬಿಟ್ಟುಹೋದ ಕೊನೆಯ ಮಾತುಗಳು ಅವಳು ಒಪ್ಪದ ಮಾತುಗಳು. ಅವನ್ನೂ ಕೊಟ್ಟುಬಿಟ್ಟರೆ ನನ್ನ ಕೈಯಲ್ಲಿ ಉಳಿಯುವುದೇನು?

ಆದರೆ ಆ ಮೂರು ತಿಂಗಳು ನಾನು ಟೈಪ್ ಮಾಡಿದ್ದು ಯಾಕೆ? ಅವಳು ಅದನ್ನು ಬರೆದದ್ದೇ ಇವರಿಗಾಗಿ. ಇವರ ಬಾಯಿಗೆ ಸರಿಹೊಂದುವ ಹಾಗೆ ಅಳತೆ ತೆಗೆದು, ಬಿಚ್ಚಿ, ಮತ್ತೆ ಹೊಲಿದುಕೊಟ್ಟಿದ್ದಳು. ತೊಡಬೇಕಾದವರು ಇವರೇ.

"ಇಟ್ಟುಕೊಳ್ಳಿ ಸರ್," ಎಂದೆ. "ಅದು ನಿಮ್ಮದೇ ವಾದ, ಹಾಳೆಹಾಳೆಗೂ ನೀವೇ ಹಾಗೆಂದು ಬರೆದು ಸಹಿ ಹಾಕಿದ್ದೀರಿ. ಅವಳು ನಿಮಗೆ ಬರೆದುಕೊಟ್ಟಳು. ಹೆಸರು ಮಾತ್ರ ನಮ್ಮದು. ಅದನ್ನು ಕೊಡಿ."

ಅವರು ನನ್ನ ಎದುರಿಗೇ ಕರಡಿನಲ್ಲಿ ಅಕ್ಕನ ಹೆಸರಿದ್ದ ಸಾಲನ್ನು ಹೊಡೆದುಹಾಕಿದರು. ಪಕ್ಕದಲ್ಲಿ ತಮ್ಮ ಚಿಕ್ಕ ಸಹಿ ಮಾಡಿದರು.

ಸಹೋದ್ಯೋಗಿ ಇದನ್ನು ಕೇಳಿ ಕೂಗಾಡಿದರು. "ಅವಳ ಕೊನೆಯ ಕೃತಿಯನ್ನು ಸರ್ಕಾರಕ್ಕೆ ದಾನ ಮಾಡಿ ಬಂದೆಯಾ! ನಮ್ಮ ವಿಭಾಗ ತರುವ ಅವಳ ನೆನಪಿನ ಸಂಚಿಕೆಗೆ ನಾನು ಏನು ಹಾಕಲಿ? ಕೊನೆಗೆ 'ಇದು ಪೂರ್ವಪಕ್ಷ' ಎಂದು ಅಡಿಟಿಪ್ಪಣಿ ಕೊಟ್ಟಾದರೂ ಹಾಕಬಹುದಿತ್ತು."

"ಅಡಿಟಿಪ್ಪಣಿ ಯಾರು ಓದ್ತಾರೆ ದೀದಿ? ತಲೆಯ ಮೇಲಿದ್ದದ್ದನ್ನೇ ತೆಗೆದುಹಾಕಿದ್ರು."

ಸಂಚಿಕೆಗೆ ಕುಟುಂಬದ ಒಪ್ಪಿಗೆ ಬೇಕಿತ್ತು. ಆ ಹಾಳೆಗಳಿಗೆ ನಾನು ಕೊಡಲಿಲ್ಲ. ಅಣ್ಣ ಊರಿನಿಂದ ಫೋನ್ ಮಾಡಿ "ದೊಡ್ಡವರ ಹತ್ರ ಯಾಕೆ ಜಗಳ" ಎಂದ. ಜಗಳವಲ್ಲ, ಕೆಲಸ ಎಂದೆ. ಸಹೋದ್ಯೋಗಿ ನನ್ನೊಂದಿಗೆ ತುಂಬಾ ಕಾಲ ಮಾತಾಡಲಿಲ್ಲ.

ಅಷ್ಟರಲ್ಲಿ ಸರ್ಕಾರ ಪ್ರಕಟಣೆ ಕೊಟ್ಟಿತು: ಕರಡು ವರದಿಗೆ ಆಕ್ಷೇಪಣೆ ಇರುವವರು ಬರೆದು ಕೊಡಬಹುದು, ಕರೆದಾಗ ಬಂದು ಹೇಳಬಹುದು.

ಟೈಪ್‌ರೈಟರಿನ ಮುಂದೆ ಕೂತೆ. ಈ ಸಲ ಪಕ್ಕದಲ್ಲಿ ಕರಡು ಇಲ್ಲ. ಅಕ್ಕನ ವಾದದ ಒಂದೊಂದೇ ವಾಕ್ಯ ಓದಿ ಅದಕ್ಕೆ ಎದುರು ಬರೆಯಲು ನೋಡಿದೆ. ಕೆಲವಕ್ಕೆ ಉತ್ತರ ನನಗೆ ಗೊತ್ತಿತ್ತು, ಊಟದ ಹೊತ್ತಿನಲ್ಲಿ ಅವಳು ಆಡುತ್ತಿದ್ದ ಮಾತುಗಳಿಂದಲೇ. ಉಳಿಸಿದ ಕೆರೆಯನ್ನು ನಾಳೆ ಬೇಕೆಂದರೆ ಮುಚ್ಚಬಹುದು. ಮುಚ್ಚಿದ ಕೆರೆಯನ್ನು ನಾಳೆ ಬೇಕೆಂದರೆ ತೆರೆಯಲಾಗದು. ಸರಿಪಡಿಸಲಾಗದ ತಪ್ಪಿಗೆ ಬೇರೆ ಬಗೆಯ ಒಪ್ಪಿಗೆ ಬೇಕು. ಇದು ಸುಲಭ. ಆದರೆ ಆ ರೈಲುಹಳಿಯ ತಾಯಿಯ ಹತ್ತಿರ ಬಂದಾಗಲೆಲ್ಲ ನಾನು ಸೋಲುತ್ತಿದ್ದೆ. ಸೂರು ಇಲ್ಲದವಳ ಎದುರು ಕೆರೆಯ ಮಾತೆತ್ತುವುದು ನಾಚಿಕೆಗೇಡು ಎಂದೇ ಅನ್ನಿಸುತ್ತಿತ್ತು. ಅಷ್ಟು ಗಟ್ಟಿಯಾಗಿ ಬರೆದಿದ್ದಳು. ಹಾಳೆ ಕಿತ್ತು ಕಿತ್ತು ಬುಟ್ಟಿ ತುಂಬಿತು. ಒಂದು ಮಧ್ಯಾಹ್ನ ಸಿಟ್ಟು ಬಂದು ಖಾಲಿ ಕೋಣೆಗೆ ಕೇಳುವ ಹಾಗೆ, "ಇಷ್ಟು ಚೆನ್ನಾಗಿ ಬರೀಲಿಕ್ಕೆ ನಿಂಗೆ ಯಾರು ಹೇಳಿದ್ದು?" ಎಂದು ಬೈದೆ.

ಗಂಡ ಒಳಗಿನಿಂದ "ನಂಗೆ ಹೇಳಿದ್ದಾ?" ಎಂದರು.

"ಅಲ್ಲ. ಅಕ್ಕನಿಗೆ."

"ಸರಿ ಹಾಗಾದ್ರೆ," ಎಂದು ಪೇಪರು ಮಗುಚಿದರು. ಅವರನ್ನು ಯೂನಿಯನ್ನಿನಲ್ಲಿ ಈಗ ಬೇರೆ ಬಗೆಯಲ್ಲಿ ಮಾತಾಡಿಸುತ್ತಿದ್ದರು, ನಿಮ್ಮ ಮನೆಯೊಳಗೇ ವಿರೋಧ ಪಕ್ಷ ಇದೆಯಂತಲ್ಲ ದಾದಾ ಎಂದು. "ಹೌದು, ಅಡುಗೆಯೂ ಅವರದ್ದೇ ಕೈಯಲ್ಲಿದೆ, ಎಚ್ಚರದಿಂದ ಇರಬೇಕು" ಎಂದು ನಕ್ಕು ಬರುತ್ತಿದ್ದರಂತೆ. ಬಿಡು ಎಂದು ನನಗೆ ಮತ್ತೆ ಹೇಳಲಿಲ್ಲ.

ಕೊನೆಗೆ ಹೊಳೆದದ್ದು ದೊಡ್ಡ ವಿಚಾರವೇನಲ್ಲ. ಅಕ್ಕ ಎದುರಾಳಿಯನ್ನು ಹೋಗಿ ಕೇಳಿದ್ದಳು. ಆ ತಾಯಿಯನ್ನು ಯಾರೂ ಹೋಗಿ ಕೇಳಿಲ್ಲ.

ಸಿಯಾಲ್ದಾ ನಿಲ್ದಾಣದ ಹೊರಗೆ, ಹಳಿಗಳ ಬದಿಯಲ್ಲಿ, ತಾರ್ಪಾಲಿನ ಸಾಲು ಇತ್ತು. ಅಲ್ಲಿ ವಾಸವಿದ್ದ ಒಬ್ಬ ಹೆಂಗಸು ನಾನು ಹೋಗುವ ಬಜಾರಿನಲ್ಲಿ ಗಿರಾಕಿಗಳಿಗೆ ಮೀನು ಹೆಚ್ಚಿಕೊಡುತ್ತಿದ್ದಳು. ನಮ್ಮೂರಿನ ಮೆಟ್ಟುಕತ್ತಿಯಂಥದೇ ಕತ್ತಿ, ಕಾಲಿನಲ್ಲಿ ಒತ್ತಿ ಹಿಡಿದು. ಮುಖಪರಿಚಯ ಇತ್ತು. ಬಜಾರಿಗೆ ಹೋಗಿ ಅವಳ ಪಕ್ಕದಲ್ಲಿ ಕೂತೆ.

"ಮಾಸಿ, ಪೂರ್ವದ ಕೆರೆ ಮುಚ್ಚಿ ಮನೆ ಕಟ್ಟುತ್ತಾರಂತೆ. ನಿಮಗೋಸ್ಕರ."

ಅವಳು ಪಕ್ಕದ ತರಕಾರಿಯವಳ ಕಡೆ ತಿರುಗಿದಳು. "ಕೇಳಿದೆಯೇನೇ, ನನಗೆ ಮನೆ ಬರುತ್ತದಂತೆ! ಕಿಟಕಿ ದಕ್ಷಿಣಕ್ಕೆ ಇಡಲು ಹೇಳು ದೀದಿ, ಗಾಳಿ ಬರಲಿ."

"ನಿಮ್ಮನ್ನು ಯಾರಾದರೂ ಬಂದು ಕೇಳಿದ್ದಾರಾ?"

"ವೋಟಿನ ಹೊತ್ತಿಗೆ ಕೇಳುತ್ತಾರಲ್ಲ, ಚೆನ್ನಾಗಿದ್ದೀಯಾ ಮಾಸಿ ಅಂತ. ಚೆನ್ನಾಗಿದ್ದೇನೆ ಅನ್ನುತ್ತೇನೆ. ಖುಷಿಯಾಗಿ ಹೋಗುತ್ತಾರೆ."

"ಕೊಟ್ಟರೆ ಮನೆ ಬೇಕಾ?"

"ಬೇಡ ಅನ್ನಲು ನನಗೇನು ಹುಚ್ಚಾ?"

"ಕೆರೆ ಮುಚ್ಚಿಯಾದರೂ?"

ಅವಳ ಕೈ ನಿಂತಿತು. "ಅದು ನನಗೋ ಅಲ್ಲವೋ ಮೊದಲು ಹೇಳು. ನನ್ನ ಹೆಸರಿಗೆ ಮನೆ ಇದೆ ಎಂದು ಕಾಗದ ತೋರಿಸು. ಆಮೇಲೆ ಕೆರೆಯ ಮಾತು ಕೇಳು, ಸರಿಯಾದ ಜವಾಬು ಕೊಡುತ್ತೇನೆ. ಈಗ ನಾನು ಏನು ಹೇಳಿದರೂ ಅದು ಬಿಟ್ಟಿ ಮಾತು."

ಅಹವಾಲು ಕೇಳುವ ದಿನ ಬರುತ್ತೀರಾ ಎಂದು ಕೇಳಿದೆ. ಬಜಾರು ಬಿಟ್ಟು ಹೇಗೆ ಬರಲಿ ಎಂದಳು. ಅವಳ ಹೆಸರು ಹೇಳಬಹುದೇ ಎಂದೆ. ತಲೆಯಾಡಿಸಿದಳು. "ಬೇಡ ದೀದಿ. ನಮ್ಮ ಓಣಿಯ ಪಾರ್ಟಿ ದಾದಾಗಳಿಗೆ ಗೊತ್ತಾದರೆ ಈ ತಾರ್ಪಾಲೂ ಹೋಗುತ್ತದೆ."

ಮನೆಗೆ ಬಂದು ಒಂದೇ ಕೂತಿನಲ್ಲಿ ಟೈಪ್ ಮಾಡಿದೆ. ಎರಡು ಹಾಳೆ. ತಲೆಯ ಮೇಲೆ ಸಿದ್ಧಾಂತ ಎಂದು ಹಾಕಲಿಲ್ಲ. ಅಷ್ಟು ದೊಡ್ಡ ಪದ ನನ್ನ ಕೈಗೆ ನಿಲುಕುವುದಿಲ್ಲ. ಆಕ್ಷೇಪಣೆ ಎಂದು ಹಾಕಿದೆ. ಕೆಳಗೆ ನನ್ನ ಸಹಿ.

ಆ ಕೆರೆಗಳಲ್ಲಿ ಕೆಲವು ಹೋದವು, ಕೆಲವು ಇನ್ನೂ ಇವೆ. ನನ್ನ ಮಾತಿನಿಂದ ಯಾವುದಾದರೂ ಉಳಿಯಿತೇ ಎಂದು ಕೇಳಿದರೆ ನನ್ನ ಬಳಿ ಉತ್ತರವಿಲ್ಲ. ಆದರೆ ಆ ದಿನ ನಡೆದದ್ದನ್ನು ಬರೆದಿಡಬೇಕು.

ಅಹವಾಲು ಕೇಳುವ ಕೋಣೆಯಲ್ಲಿ ಅದೇ ಅಧಿಕಾರಿ ಕೂತಿದ್ದರು. ಪಕ್ಕದಲ್ಲಿ ಒಬ್ಬ ಸ್ಟೆನೋಗ್ರಾಫರ್. ನನ್ನ ಹಿಂದಿನ ಬೆಂಚಿನಲ್ಲಿ ಯಾರೋ ಬಂದು ಕೂತರು. ತಿರುಗಿ ನೋಡಿದರೆ ಅಕ್ಕನ ಸಹೋದ್ಯೋಗಿ. ಮಾತಾಡಿಸಲಿಲ್ಲ, ಆದರೆ ಬಂದಿದ್ದರು.

ಅಧಿಕಾರಿ ನನ್ನ ಹಾಳೆಗಳನ್ನು ಓದಿದರು. ಆಮೇಲೆ ವರದಿಯನ್ನು ತೆರೆದು, "ಇಲಾಖೆಯ ನಿಲುವು ಹೀಗಿದೆ," ಎಂದು ಆ ಭಾಗವನ್ನೇ ಓದತೊಡಗಿದರು. ನೀರಿನ ಚೆಲುವು ಸೂರು ಇದ್ದವರಿಗೆ ಮಾತ್ರ ಕಾಣುತ್ತದೆ. ಅವರು ಚೆನ್ನಾಗಿ ಓದುತ್ತಿದ್ದರು. ಎಲ್ಲಿ ನಿಲ್ಲಿಸಬೇಕೋ ಅಲ್ಲಿ ನಿಲ್ಲಿಸಿ. ಅಕ್ಕ ಹೋದ ಮೇಲೆ ಅವಳ ವಾಕ್ಯಗಳನ್ನು ಗಟ್ಟಿಯಾಗಿ ಕೇಳಿದ್ದು ನಾನು ಅದೇ ಮೊದಲು. ಅವಳು ನನ್ನ ಎದುರಿಗೆ ಕೂತು, ಎಲ್ಲಿಯೂ ತಪ್ಪಿಸಿಕೊಳ್ಳಲು ಬಿಡದೆ, ಹೇಳು ನೋಡುವಾ ಎನ್ನುತ್ತಿದ್ದ ಹಾಗಿತ್ತು. ಕರುಣೆಯೇ ಇಲ್ಲ.

"ಇದಕ್ಕೆ ನಿಮ್ಮ ಉತ್ತರ?"

"ಇದರಲ್ಲಿ ಅರ್ಧ ಒಪ್ಪುತ್ತೇನೆ ಸರ್. ಸೂರು ಇಲ್ಲದವಳ ಮಾತೇ ಮೊದಲು. ಆದರೆ ಅವಳು ಮಾತಾಡಿದ್ದು ಈ ವರದಿಯಲ್ಲಿ ಎಲ್ಲೂ ಇಲ್ಲ. ಅವಳು ಹಾಲೂಡಿಸುತ್ತಾಳೆ, ಅಷ್ಟೇ. ಕಟ್ಟುವ ಮನೆಗಳಲ್ಲಿ ಯಾವುದು ಅವಳದು ಎಂದೂ ಇಲ್ಲ. ಕೆರೆ ಮುಚ್ಚುವುದಕ್ಕೆ ಅವಳ ಹೆಸರು ಬೇಕು, ಮನೆ ಹಂಚುವುದಕ್ಕೆ ಬೇಡ."

"ಹೋಗಿ ಕೇಳುತ್ತೇವೆ ಎಂದಿಟ್ಟುಕೊಳ್ಳಿ. ಮನೆಯೇ ಬೇಕು, ಕೆರೆ ಬೇಡ ಎಂದರೆ? ಆಗ ಒಪ್ಪುತ್ತೀರಾ?"

ಸರಿಯಾದ ಪ್ರಶ್ನೆ. ಅಕ್ಕ ಇದ್ದಿದ್ದರೆ ಖುಷಿಯಿಂದ ಮುಂದಕ್ಕೆ ಬಾಗುತ್ತಿದ್ದಳು.

"ಮೊದಲು ಕೇಳಿ. ಮನೆಯ ಕಾಗದ ಕೈಗೆ ಕೊಟ್ಟು ಕೇಳಿ. ಆಗಲೂ ಅವಳು ಕೆರೆ ಬೇಡ ಎಂದರೆ ನಾನು ಒಪ್ಪಲಿಕ್ಕಿಲ್ಲ. ಮುಚ್ಚಿದ ಕೆರೆಯನ್ನು ಯಾರೂ ವಾಪಸು ಕೊಡಲಾರರು ಎಂದು ಅವಳಿಗೆ ಹೇಳುತ್ತೇನೆ. ಆದರೆ ಆ ಜಗಳ ನನಗೂ ಅವಳಿಗೂ, ಎದುರೆದುರು ಕೂತು. ನಡುವೆ ಅವಳ ಪರವಾಗಿ ಮಾತಾಡಲು ನೀವೂ ಬೇಡ, ನಾನೂ ಬೇಡ. ಇಲ್ಲದವರ ಹೆಸರನ್ನು ಇಟ್ಟುಕೊಂಡು ಮಾತಾಡುವುದು ಎಷ್ಟು ಸುಲಭ ಎಂದು ನನಗೆ ಗೊತ್ತಾಗಿದೆ ಸರ್. ನಿಮಗೂ ಗೊತ್ತು."

ಅವರು ವರದಿಯನ್ನು ಮುಚ್ಚಿದರು. ಸ್ಟೆನೋಗ್ರಾಫರ್ ಪೆನ್ಸಿಲು ಎತ್ತಿ ಕಾಯುತ್ತಿದ್ದ.

"ಬರೆದುಕೊಳ್ಳಿ," ಎಂದರು ಅವನಿಗೆ. "ಪೂರ್ತಿ ಬರೆದುಕೊಳ್ಳಿ. ಆಕ್ಷೇಪಣೆ ಸಲ್ಲಿಸಿದವರು, ದಿವಂಗತ ಪ್ರಾಧ್ಯಾಪಕಿಯವರ ತಂಗಿ…"

"ಆ ಹೆಸರು ಬೇಡ ಸರ್," ಎಂದೆ. "ಅದನ್ನು ನಾನು ನಿಮ್ಮಿಂದ ವಾಪಸು ತಗೊಂಡಾಗಿದೆ. ನನ್ನ ಹೆಸರು ಹೇಳುತ್ತೇನೆ, ಅದನ್ನೇ ಬರೆಯಲಿ."